ಮನೆ ಕಟ್ಟುವವರು ಧರೆಯನ್ನೂ ನೋಡಲಿ

ಪ್ರತಿ ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ಮೊಬೈಲಿನ ಪುಟ್ಟ ಪರದೆಯ ಮುಂದೆ ಕೂರುತ್ತಾರೆ. ತೀರ್ಥಹಳ್ಳಿ ಕೊಪ್ಪಗಳ ನಡುವಿನ ಒಂದು ಊರಿನಿಂದ ಗುತ್ತಿಗೆದಾರ ಆ ವಾರದ ಚಿತ್ರಗಳನ್ನು ಕಳುಹಿಸುವ ಹೊತ್ತು ಅದು. ತಳಪಾಯದ ಚಿತ್ರ ಬಂದ ದಿನ ಹೆಂಡತಿ ಅದನ್ನು ಹಿಗ್ಗಿಸಿ ಅಡುಗೆಮನೆ ಯಾವ ಮೂಲೆಯೆಂದು ಹುಡುಕುತ್ತಾಳೆ. ಕಂಬಗಳು ಎದ್ದ ವಾರ ಗಂಡ ಅವನ್ನು ಎಣಿಸಿ ನಕ್ಷೆಯೊಡನೆ ಹೋಲಿಸುತ್ತಾನೆ. ಕಿಟಕಿಯ ಮಟ್ಟಕ್ಕೆ ಗೋಡೆ ಬಂದಾಗ, ಆ ಕಿಟಕಿಯಿಂದ ಏನು ಕಂಡೀತು ಎಂಬ ಮಾತು ಒಂದು ಗಂಟೆ ನಡೆಯುತ್ತದೆ. ಇಪ್ಪತ್ತು ವರ್ಷ ಬೇರೆಯವರ ಗೋಡೆಗೆ ಮೊಳೆ ಹೊಡೆಯಲು ಅನುಮತಿ ಕೇಳಿ ಬದುಕಿದವರಿಗೆ ಸ್ವಂತ ಗೋಡೆಯೊಂದು ಇಟ್ಟಿಗೆ ಇಟ್ಟಿಗೆಯಾಗಿ ಏಳುವುದನ್ನು ನೋಡುವ ಸುಖವನ್ನು ಯಾರೂ ಹಗುರವಾಗಿ ಕಾಣಬಾರದು.

ಇಂಥ ದಂಪತಿಗಳು ಇಂದು ಮಲೆನಾಡಿನ ಪ್ರತಿ ಹೋಬಳಿಯಲ್ಲಿಯೂ ಸಿಗುತ್ತಾರೆ. ಊರು ಬಿಟ್ಟು ಹೋದವರು ಹಿಂದಿರುಗಲು ಬಯಸುತ್ತಿದ್ದಾರೆ. ಹಿಸ್ಸೆಯಲ್ಲಿ ಬಂದ ತುಂಡು ಜಾಗ, ಭವಿಷ್ಯನಿಧಿಯ ಒಂದಷ್ಟು ಹಣ, ಬ್ಯಾಂಕಿನ ಸಾಲ, ಹದಿನೈದು ಚದರದ ಒಂದು ಮನೆ. ದಶಕಗಳ ಕಾಲ ಖಾಲಿಯಾಗುತ್ತ ಬಂದ ಊರುಗಳಿಗೆ ಇದು ಸಂತೋಷದ ಸಂಗತಿಯೇ. ಆದ್ದರಿಂದಲೇ, ಬರುವವರು ಎಲ್ಲಿ ಮತ್ತು ಹೇಗೆ ನೆಲೆಯೂರುತ್ತಾರೆ ಎಂಬುದು ಅವರೊಬ್ಬರ ಖಾಸಗಿ ವಿಷಯವಾಗಿ ಉಳಿದಿಲ್ಲ.

ಈ ದಂಪತಿಯ ಬಳಿ ಈಗ ಇನ್ನೂರಕ್ಕೂ ಹೆಚ್ಚು ಚಿತ್ರಗಳಿವೆ. ಭೂಮಿಪೂಜೆಯದು, ಪಾಯ ತೋಡಿದ್ದು, ಕಲ್ಲು ಕಟ್ಟಿದ್ದು, ತಾರಸಿಗೆ ಕಬ್ಬಿಣ ಹೆಣೆದದ್ದು. ಪೂಜೆಯ ದಿನದ ಚಿತ್ರದಲ್ಲಿ ಇಳಿಜಾರು ಇದೆ, ಹಿಂದೆ ಕಾಡುಗೇರು, ಮತ್ತಿ, ಒಂದೆರಡು ಬೈನೆಮರ ಇವೆ. ಪಾಯದ ಚಿತ್ರದಲ್ಲಿ ನೆಲ ಹಾಸುಗಲ್ಲಿನಂತೆ ಸಮತಟ್ಟಾಗಿದೆ, ಹಿಂದೆ ಕೆಂಪು ಗೋಡೆಯೊಂದು ನಿಂತಿದೆ. ಇವೆರಡರ ನಡುವೆ ಎರಡೂವರೆ ದಿನ ಕಳೆದಿವೆ. ಆ ಎರಡೂವರೆ ದಿನದ ಚಿತ್ರ ಒಂದೂ ಇಲ್ಲ. ಗುತ್ತಿಗೆದಾರ ಮುಚ್ಚಿಟ್ಟನೆಂದಲ್ಲ. ಆಗ ಇನ್ನೂ ಮನೆ ಶುರುವಾಗಿರಲಿಲ್ಲ, ಚಿತ್ರ ತೆಗೆಯುವಂಥದ್ದು ಏನೂ ಇರಲಿಲ್ಲ ಎಂದು ಅವನೂ ಭಾವಿಸಿದ, ಅವರೂ ಭಾವಿಸಿದರು. ಮಲೆನಾಡಿನಲ್ಲಿ ಮನೆಯ ಆಯುಸ್ಸನ್ನು ನಿರ್ಧರಿಸುವ ಕೆಲಸ ಮುಗಿಯುವುದು ಆ ಎರಡೂವರೆ ದಿನಗಳಲ್ಲಿ.

ಆ ಅವಧಿಯಲ್ಲಿ ನಡೆಯುವುದು ಏನೆಂದು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಮನೆ, ಅಂಗಳ, ಕಾರು ನಿಲ್ಲಿಸುವ ಜಾಗ ಎಲ್ಲ ಸೇರಿ 20 ಮೀಟರ್ ಉದ್ದ, 15 ಮೀಟರ್ ಅಗಲದ ಒಂದು ತಟ್ಟು ಬೇಕೆನ್ನೋಣ. ಇಳಿಜಾರು ಅಷ್ಟೇನೂ ಕಡಿದಲ್ಲ, ಮೂರು ಮೀಟರಿಗೆ ಒಂದು ಮೀಟರ್ ಏರುವಂಥದು. ಕೆಳಗಿನ ಅಂಚನ್ನು ಮಟ್ಟವಾಗಿಟ್ಟುಕೊಂಡು ಯಂತ್ರ ಒಳಕ್ಕೆ ಕೊರೆಯುತ್ತ ಹೋದರೆ ಹಿಂಬದಿಯಲ್ಲಿ 5 ಮೀಟರ್, ಅಂದರೆ ಹದಿನಾರು ಅಡಿಗಿಂತ ಎತ್ತರದ ಧರೆ ನಿಲ್ಲುತ್ತದೆ. ತೆಗೆದ ಮಣ್ಣು 750 ಘನ ಮೀಟರ್. ಒಂದು ಟಿಪ್ಪರಿಗೆ ಐದು ಘನ ಮೀಟರಿನಂತೆ ನೂರೈವತ್ತು ಟಿಪ್ಪರ್. ಅದೇ ಜಾಗದಲ್ಲಿ ಅದೇ ಮನೆಯನ್ನು ಐದೈದು ಮೀಟರ್ ಅಗಲದ ಮೂರು ಮೆಟ್ಟಿಲುಗಳಾಗಿ ಕೂರಿಸಿದರೆ ತೆಗೆಯಬೇಕಾದ ಮಣ್ಣು 250 ಘನ ಮೀಟರ್ ಮಾತ್ರ, ಮತ್ತು ಯಾವ ಮೆಟ್ಟಿಲಿನ ಧರೆಯೂ ಐದೂವರೆ ಅಡಿಯನ್ನು ಮೀರುವುದಿಲ್ಲ. ಇದು ಹೈಸ್ಕೂಲಿನ ರೇಖಾಗಣಿತ. ನಕ್ಷೆ ಬರೆದವರಿಗೆ ತಿಳಿಯದ್ದೇನೂ ಅಲ್ಲ. ಆದರೆ ನಕ್ಷೆಯನ್ನು ಸಮತಟ್ಟಾದ ಕಾಗದದ ಮೇಲೆ ಬರೆದಾಗ ನೆಲವೂ ಕಾಗದದಂತೆಯೇ ಇರಲಿ ಎಂಬ ಆಸೆ ತಾನಾಗಿ ಹುಟ್ಟುತ್ತದೆ. ಬೆಂಗಳೂರಿನ ಮೂವತ್ತು ನಲವತ್ತರ ನಿವೇಶನಕ್ಕೆಂದು ಹುಟ್ಟಿದ ನಕ್ಷೆ ಘಟ್ಟ ಹತ್ತಿ ಬಂದಾಗ ಬದಲಾಗುವುದು ಗುಡ್ಡವೇ, ನಕ್ಷೆಯಲ್ಲ.

ಆ ನೂರೈವತ್ತು ಟಿಪ್ಪರ್ ಮಣ್ಣು ಎಲ್ಲಿಗೆ ಹೋಯಿತೆಂದು ದಂಪತಿ ಕೇಳಿಲ್ಲ. ಸಾಮಾನ್ಯವಾಗಿ ಅದು ಬಹು ದೂರ ಹೋಗುವುದಿಲ್ಲ. ಅರ್ಧ ತಟ್ಟಿನ ಮುಂಭಾಗಕ್ಕೆ ಬೀಳುತ್ತದೆ, ಉಳಿದದ್ದು ಹತ್ತಿರದ ಸರಲಿಗೆ, ಹಳ್ಳದ ಬದಿಗೆ. ಮೊದಲ ಮುಂಗಾರಿನಲ್ಲಿ ಹಳ್ಳ ಅದನ್ನು ಕೆಳಗಿನ ಗದ್ದೆಗೆ, ತೋಟದ ಕಾದಿಗೆಗೆ ಸಾಗಿಸುತ್ತದೆ. ಗದ್ದೆಯಲ್ಲಿ ಮಣ್ಣು ಕೂತವನು ಪಂಚಾಯಿತಿಗೆ ಅರ್ಜಿ ಕೊಟ್ಟರೆ, ಮಳೆಗಾಲದಲ್ಲಿ ಮಣ್ಣು ಬರುವುದು ಸಹಜವೆಂಬ ಉತ್ತರ ಸಿಗುತ್ತದೆ.

ಪಶ್ಚಿಮಘಟ್ಟದ ಈ ಮಣ್ಣನ್ನು ಬಲ್ಲವರು ಧರೆಯ ಕೆಂಪು ಬಣ್ಣಕ್ಕೆ ಮರುಳಾಗುವುದಿಲ್ಲ. ಮೇಲ್ಪದರದಲ್ಲಿ ಜಂಬಿಟ್ಟಿಗೆ ಇದೆ. ಕರಾವಳಿಯವರು ಇದನ್ನೇ ಮುರಕಲ್ಲು, ಕೆಂಪುಕಲ್ಲು ಎನ್ನುತ್ತಾರೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂದೇ ಅದರ ಅರ್ಥ. ಕಡಿಯುವಾಗ ಮೆದು, ಗಾಳಿಗೊಡ್ಡಿದರೆ ಗಟ್ಟಿ. ಆದರೆ ಈ ಗಟ್ಟಿ ಟೋಪಿಯ ಕೆಳಗೆ ಅನೇಕ ಕಡೆ ಶೇಡಿ ಮಣ್ಣಿನ ಪದರವಿರುತ್ತದೆ. ಬಿಳುಪು, ಹಳದಿ, ನಸುಗೆಂಪು ಬಣ್ಣದ, ಮುಟ್ಟಿದರೆ ನುಣುಪಾದ ಮಣ್ಣು. ಒಣಗಿದಾಗ ಅದು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದು ತಣಿದಾಗ ತನ್ನ ಬಲವನ್ನೆಲ್ಲ ಕಳೆದುಕೊಂಡು ಗಂಜಿಯಂತಾಗುತ್ತದೆ. ಫೆಬ್ರವರಿಯಲ್ಲಿ ಧರೆ ಕಡಿದವನಿಗೆ ಜುಲೈಯ ಧರೆ ಹೇಗಿರುತ್ತದೆಂದು ಊಹಿಸುವುದು ಕಷ್ಟ. ಯಂತ್ರ ನಡೆಸುವ ಹುಡುಗ ಬಹುಪಾಲು ಬಯಲುಸೀಮೆಯವನು, ಜುಲೈಯಲ್ಲಿ ಅವನು ಇಲ್ಲಿರುವುದೂ ಇಲ್ಲ.

ಹಿರಿಯರು ಧರೆ ಕಡಿಯಲಿಲ್ಲವೇ ಎಂಬ ಪ್ರಶ್ನೆ ಬರುತ್ತದೆ, ಬರಬೇಕು. ಮಲೆನಾಡಿನ ಹಳೆಯ ಮನೆಗಳ ಹಿಂದೆಯೂ ಧರೆ ಇದೆ. ಎಷ್ಟೋ ಮನೆಗಳಲ್ಲಿ ಬಚ್ಚಲಿನಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದೆ. ಹಿಂದಿನದೆಲ್ಲ ವಿವೇಕ, ಇಂದಿನದೆಲ್ಲ ಅವಿವೇಕ ಎಂದು ಹೇಳಿ ತೃಪ್ತಿಪಡುವ ಅಭ್ಯಾಸ ಪರಿಸರದ ಬರಹಗಳಿಗಿದೆ, ಅದು ಒಳ್ಳೆಯದಲ್ಲ. ಹಿರಿಯರ ಧರೆಗಳೂ ಬಿದ್ದಿವೆ, ಜನರೂ ಸತ್ತಿದ್ದಾರೆ. ಆದರೆ ಗುದ್ದಲಿಯಿಂದ ಕಡಿಯುವ ಕೆಲಸ ಒಂದೇ ಬೇಸಿಗೆಯಲ್ಲಿ ಮುಗಿಯುತ್ತಿರಲಿಲ್ಲ. ಈ ವರ್ಷ ಒಂದಿಷ್ಟು, ಮಳೆ ಹೇಗೆ ವರ್ತಿಸಿತೆಂದು ನೋಡಿ ಮುಂದಿನ ವರ್ಷ ಇನ್ನೊಂದಿಷ್ಟು. ಧರೆಗೆ ಓರೆ ಇರುತ್ತಿತ್ತು, ನಡುವೆ ಒಂದು ಮೆಟ್ಟಿಲು ಬಿಡುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಧರೆಯ ನೆತ್ತಿಯಿಂದ ಹತ್ತಾರು ಅಡಿ ಮೇಲೆ ಒಂದು ಅಗಳು ಇರುತ್ತಿತ್ತು. ಗುಡ್ಡದ ನೀರು ಧರೆಗೆ ಬರುವ ಮೊದಲೇ ಅದರಲ್ಲಿ ಇಳಿದು ಪಕ್ಕಕ್ಕೆ ಹರಿದು ಹೋಗುತ್ತಿತ್ತು. ಮಳೆಗಾಲದ ಮೊದಲು ಆ ಅಗಳಿನ ಸೊಪ್ಪು ಸದೆ ತೆಗೆಯುವುದು ಹೆಂಚು ಕೈಯಾಡಿಸುವಷ್ಟೇ ನಿಶ್ಚಿತವಾದ ಮನೆಗೆಲಸ. ಇಂದು ಕಟ್ಟುವ ಮನೆಗಳ ನಕ್ಷೆಯಲ್ಲಿ ಆ ಅಗಳಿಗೆ ಒಂದು ಗೆರೆಯೂ ಇರುವುದಿಲ್ಲ. ಅದು ಮನೆಯ ಹೊರಗಿನದು, ಹಲವು ಬಾರಿ ನಿವೇಶನದ ಗಡಿಯ ಹೊರಗಿನದು.

2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲ, ಹೆಬ್ಬೆಟ್ಟಗೇರಿ ಸುತ್ತಮುತ್ತ ಗುಡ್ಡಗಳು ಜಾರಿದಾಗ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಅತಿಮಳೆಯ ಜೊತೆಗೆ ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದನ್ನೂ ಕಾರಣವಾಗಿ ಎತ್ತಿ ತೋರಿಸಿದರು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಗುಡ್ಡ ಜಾರಿ ಅರ್ಚಕರ ಮನೆಯನ್ನು ಮನೆಯವರ ಸಹಿತ ಮುಚ್ಚಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಹೆದ್ದಾರಿ ಅಗಲಿಸಲು ಕಡಿದಿದ್ದ ಗುಡ್ಡ ರಸ್ತೆಬದಿಯ ಚಹಾದಂಗಡಿಯನ್ನು ನಡೆಸುತ್ತಿದ್ದವರ ಸಮೇತ ಗಂಗಾವಳಿಗೆ ತಳ್ಳಿತು. ಎರಡು ವಾರದಲ್ಲಿ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ನೆಲಸಮವಾದವು. ಇವೆಲ್ಲವೂ ಒಂದೇ ಬಗೆಯ ದುರಂತಗಳಲ್ಲ. ವಯನಾಡಿನಲ್ಲಿ ಗುಡ್ಡದ ನೆತ್ತಿಯೇ ಸಡಿಲಿ ಹೊಳೆಯಾಗಿ ಬಂತು, ಕೆಳಗಿನವರು ಧರೆ ಕಡಿಯದೆ ಇದ್ದಿದ್ದರೂ ಬಹುಶಃ ಬರುತ್ತಿತ್ತು. ಮನೆ ಹಿಂದಿನ ಧರೆ ಬಿದ್ದು ಒಂದು ಕೋಣೆ, ಒಂದು ಕೊಟ್ಟಿಗೆ, ಒಬ್ಬ ಮುದುಕಿ ಹೋಗುವ ಘಟನೆಗಳು ಸಣ್ಣವು. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡಂಗುಲ ಜಾಗ ಪಡೆದು ಮುಗಿಯುತ್ತವೆ. ಪ್ರತಿ ಮಳೆಗಾಲದಲ್ಲೂ ಅವು ಇವೆ, ಮತ್ತು ತಡೆಯಲು ಸಾಧ್ಯವಿರುವುದು ಮುಖ್ಯವಾಗಿ ಇವನ್ನೇ.

ಕೊಡಗಿನಲ್ಲಿ ಮನೆ ಕಳೆದುಕೊಂಡವರು ಜಂಬೂರು, ಮದೆನಾಡು ಮೊದಲಾದೆಡೆ ಸರ್ಕಾರ ಕಟ್ಟಿಸುತ್ತಿದ್ದ ಹೊಸ ಮನೆಗಳ ಗೋಡೆ ಏಳುವುದನ್ನು ಎರಡು ಮಳೆಗಾಲ ಕಾದು ನೋಡಿದರು. ಅವರಲ್ಲಿಯೂ ಗಂಡ ಹೆಂಡತಿಯರು ಬಿಡುವಿದ್ದಾಗ ಹೋಗಿ ತಮ್ಮದಾಗಲಿರುವ ಬಾಗಿಲನ್ನು ನೋಡಿ ಬಂದಿದ್ದಾರೆ. ಅವರ ನೋಟಕ್ಕೂ ಬೆಂಗಳೂರಿನ ದಂಪತಿಯ ನೋಟಕ್ಕೂ ಒಂದು ವ್ಯತ್ಯಾಸವಿರಬಹುದು. ಒಮ್ಮೆ ಗುಡ್ಡ ಇಳಿದದ್ದನ್ನು ಕಂಡವರು ಮನೆಗಿಂತ ಮೊದಲು ಮನೆಯ ಹಿಂದೆ ನೋಡುತ್ತಾರೆ.

ಕಾನೂನು ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೇ? ಕೃಷಿ ಭೂಮಿಯಲ್ಲಿ ಮನೆ ಕಟ್ಟಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಭೂಪರಿವರ್ತನೆ ಆಗಬೇಕು. ಕಡತದಲ್ಲಿ ಪಹಣಿ ಇರುತ್ತದೆ, ಹಕ್ಕುದಾಖಲೆ ಇರುತ್ತದೆ, ಜಾಗದ ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಇರುತ್ತದೆ. ಜಾಗ ಎಷ್ಟು ಓರೆ, ಮೇಲಿನಿಂದ ನೀರು ಎಲ್ಲಿ ಇಳಿಯುತ್ತದೆ, ಮಣ್ಣು ಯಾವ ಬಗೆಯದು ಎಂಬ ಪ್ರಶ್ನೆಗಳನ್ನು ತೀರ್ಥಹಳ್ಳಿಯ ಮನೆಗೂ ಚಿತ್ರದುರ್ಗದ ಮನೆಗೂ ಬೇರೆಬೇರೆಯಾಗಿ ಕೇಳುವ ಪದ್ಧತಿ ಬೆಳೆದಿಲ್ಲ. ಕೇಳುವವರಿಲ್ಲದ ಪ್ರಶ್ನೆಯನ್ನು ಮನೆ ಕಟ್ಟಿಸುವವರೇ ಕೇಳಿಕೊಳ್ಳಬೇಕಾಗಿದೆ.

ಪಶ್ಚಿಮಘಟ್ಟದ ವರದಿಗಳು ಬಂದಾಗ ಮಲೆನಾಡಿನ ಚಾವಡಿಗಳಲ್ಲಿ ಹಬ್ಬಿಸಿದ ಭಯ ಇಲ್ಲಿ ನೆನಪಾಗದೆ ಇರದು. ಇನ್ನು ಮುಂದೆ ಯಾರೂ ಮನೆ ಕಟ್ಟುವಂತಿಲ್ಲ, ಹೆಂಚು ಬದಲಿಸುವಂತಿಲ್ಲ ಎಂದು ವೇದಿಕೆಗಳಿಂದ ಹೇಳಲಾಯಿತು. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ಕೊಟ್ಟ ವರದಿ ಮನೆ ಕಟ್ಟಬೇಡಿ ಎನ್ನಲಿಲ್ಲ. ಘಟ್ಟಕ್ಕೆ ಹೊಂದುವ ಒಂದು ಕಟ್ಟಡ ಸಂಹಿತೆ ರೂಪಿಸಿ, ಉಕ್ಕು, ಸಿಮೆಂಟು, ಮರಳಿನ ಬಳಕೆಯನ್ನು ಕಡಿಮೆ ಮಾಡಿ, ಮಳೆನೀರು ಹಿಡಿಯಿರಿ ಎಂದಿತು. ಕಸ್ತೂರಿರಂಗನ್ ಸಮಿತಿಯ 2013ರ ವರದಿ ನಿಷೇಧಿಸಲು ಹೇಳಿದ್ದು 20,000 ಚದರ ಮೀಟರ್ ಮತ್ತು ಅದಕ್ಕೆ ಮೀರಿದ ಕಟ್ಟಡ ಯೋಜನೆಗಳನ್ನು. ಹದಿನೈದು ಚದರದ ನೂರನಲವತ್ತು ಮನೆಗಳನ್ನು ಒಟ್ಟುಗೂಡಿಸಿದರೂ ಆ ಮಿತಿ ಮುಟ್ಟುವುದಿಲ್ಲ. 2024ರ ಜುಲೈ 31ರಂದು ಕೇಂದ್ರ ಸರ್ಕಾರ ಹೊರಡಿಸಿದ ಆರನೆಯ ಕರಡು ಅಧಿಸೂಚನೆಯಲ್ಲಿಯೂ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶಕ್ಕೆ ಸೂಚಿಸಿದ್ದು ಇದೇ ಮಿತಿ. ವಿರೋಧದ ಗದ್ದಲದಲ್ಲಿ ಎಲ್ಲಕ್ಕಿಂತ ಮೊದಲು ಮರೆತುಹೋದದ್ದು ಆ ಕಟ್ಟಡ ಸಂಹಿತೆಯ ಮಾತು. ಸಾಮಾನ್ಯ ಗೃಹಸ್ಥನಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತಿದ್ದುದು ಅದೊಂದೇ.

ಭಾನುವಾರದ ಚಿತ್ರಗಳಿಗೆ ಮರಳಿದರೆ, ಅಲ್ಲಿ ಕಾಣುವ ಮನೆ ಒಂದೇ ಊರಿನಲ್ಲಿ ಕಟ್ಟಲ್ಪಡುತ್ತಿಲ್ಲ. ಗುತ್ತಿಗೆದಾರರ ಬಾಯಿಲೆಕ್ಕದಲ್ಲಿ ಒಂದು ಚದರಡಿಗೆ 0.4 ಚೀಲ ಸಿಮೆಂಟು, 4 ಕಿಲೋ ಕಬ್ಬಿಣ. ಹದಿನೈದು ಚದರಕ್ಕೆ 600 ಚೀಲ, ಅಂದರೆ 30 ಟನ್ ಸಿಮೆಂಟು, 6 ಟನ್ ಕಬ್ಬಿಣ. ಸಿಮೆಂಟಿನ ಸುಣ್ಣಕಲ್ಲು ಕಲಬುರಗಿಯ ಸೇಡಂ, ವಾಡಿಯಂಥ ಕಡೆಯದು. ಅದನ್ನು 1,450 ಡಿಗ್ರಿ ಸೆಲ್ಸಿಯಸ್ಸಿನ ಕುಲುಮೆಯಲ್ಲಿ ಬೇಯಿಸಬೇಕು. ಉರಿಸಿದ ಕಲ್ಲಿದ್ದಲಿನ ಹೊಗೆ ಬೇರೆ, ನೂರು ಕಿಲೋ ಶುದ್ಧ ಸುಣ್ಣಕಲ್ಲು ಒಡೆದಾಗ ಕಲ್ಲಿನೊಳಗಿಂದಲೇ 44 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಶೇಕಡಾ 7ರಿಂದ 8. ಮಲೆನಾಡಿನ ಮಳೆ ಹದ ತಪ್ಪಿದೆಯೆಂದು ಮರುಗುವವರ ತಾರಸಿಯಲ್ಲಿಯೂ ಆ ಲೆಕ್ಕದ ಒಂದು ಕಣ ಸೇರಿದೆ. ಕಬ್ಬಿಣಕ್ಕೆ ಸಂಡೂರಿನ ಗುಡ್ಡಗಳಿವೆ. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಯಲ್ಲಿ ನಿಂತಾಗ ಸಂಭ್ರಮಿಸಿದ ಮಲೆನಾಡು ತನ್ನ ಮನೆಗಳಿಗೆ ಹಾಕಿದ ಕಬ್ಬಿಣವನ್ನೇನೂ ಕಡಿಮೆ ಮಾಡಿಕೊಳ್ಳಲಿಲ್ಲ.

ಮರಳಿನ ಕಥೆ ಇನ್ನೂ ಹತ್ತಿರದ್ದು. ತುಂಗೆಯ, ಶರಾವತಿಯ, ನೇತ್ರಾವತಿಯ ಪಾತ್ರಗಳನ್ನು ಬರಿದು ಮಾಡಿದ ಮೇಲೆ, 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಚಿಕ್ಕ ಮರಳುಗಣಿಗೂ ಪರಿಸರ ಅನುಮತಿ ಬೇಕೆಂದಿತು. ಹೊಳೆಯ ಮರಳು ದುಬಾರಿಯಾಯಿತು, ಎಂ-ಸ್ಯಾಂಡ್ ಬಂತು. ಎಂ-ಸ್ಯಾಂಡ್ ಎಂದರೆ ಪುಡಿ ಮಾಡಿದ ಬಂಡೆ. ಹೊಳೆಯನ್ನು ಉಳಿಸಲು ಗುಡ್ಡ ಒಡೆಯುವ ವ್ಯವಹಾರ. ಜಂಬಿಟ್ಟಿಗೆಯೇ ನಿರಪರಾಧಿ ಎಂದೂ ಹೇಳಲಾಗದು. ಕಡಿದು ಬಿಟ್ಟ ಕಲ್ಲುಕೋರೆಗಳು ಮಳೆಗಾಲದಲ್ಲಿ ಆಳದ ಹೊಂಡಗಳಾಗಿ ಮಕ್ಕಳನ್ನೂ ದನಗಳನ್ನೂ ನುಂಗಿವೆ. ಏನನ್ನೂ ಕೆಡಿಸದ ಮನೆ ಇಲ್ಲ. ಎಷ್ಟು ಕೆಡಿಸುತ್ತದೆ, ಎಷ್ಟು ದೂರದಲ್ಲಿ ಕೆಡಿಸುತ್ತದೆ, ಕೆಟ್ಟದ್ದು ಕಣ್ಣಿಗೆ ಬೀಳುತ್ತದೆಯೇ ಎಂಬುದಷ್ಟೇ ವ್ಯತ್ಯಾಸ. ಊರಿನ ಕೋರೆಯ ಕಲ್ಲಾದರೆ ಹೊಂಡವನ್ನು ದಿನವೂ ನೋಡುತ್ತ ಬದುಕಬೇಕಾಗುತ್ತದೆ. ಆಗ ಹದಿನೈದು ಚದರ ಹತ್ತಾಗಲೂಬಹುದು.

ತಾರಸಿಯ ವಿಷಯದಲ್ಲಿ ಮಲೆನಾಡು ತಮಾಷೆಯೊಂದನ್ನು ಮಾಡಿಕೊಂಡಿದೆ. ಹೆಂಚಿನ ಮಾಡು ಬೇಡವೆನ್ನಲು ಸಕಾರಣಗಳಿವೆ. ಮಂಗಗಳು ಹೆಂಚು ಒಡೆಯುತ್ತವೆ, ಮಳೆಗೆ ಮೊದಲು ಕೈಯಾಡಿಸುವ ಆಳು ಸಿಗುವುದಿಲ್ಲ, ಒಳ್ಳೆಯ ಪಕಾಸಿಯ ಮರ ಕೈಗೆಟಕುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮವೂ ಮಣ್ಣು ಸೌದೆಗಳ ಅಭಾವದಲ್ಲಿ ಸೊರಗಿದೆ. ಹಾಗಾಗಿ ಸಪಾಟಾದ ಕಾಂಕ್ರೀಟು ತಾರಸಿ ಬಂತು. ಅದು ಮೂರನೆಯ ಮಳೆಗಾಲಕ್ಕೆ ಸೋರಿತು. ಸೋರುವ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಇಳಿಮಾಡು ಹೊದಿಸಲಾಯಿತು. ಒಂದು ಮನೆಗೆ ಎರಡು ಮಾಡು, ಎರಡರ ನಡುವೆ ಅಡಿಕೆ ಒಣಗಿಸಲು ಜಾಗ. ಅಡಿಕೆಗೆ ಅನುಕೂಲವಾಯಿತೆಂಬುದು ನಿಜ. ಆದರೆ ಮೊದಲೇ ಇಳಿಮಾಡು ಮಾಡಿದ್ದರೆ ಕೆಳಗಿನ ತಾರಸಿಯ ಸಿಮೆಂಟು, ಕಬ್ಬಿಣ ಎರಡೂ ಉಳಿಯುತ್ತಿದ್ದವು.

ಆ ಮಾಡಿನ ನೀರು? ವರ್ಷಕ್ಕೆ 3,000 ಮಿಲಿಮೀಟರ್ ಮಳೆಯ ಊರಿನಲ್ಲಿ ಹದಿನೈದು ಚದರದ ಮಾಡಿನ ಮೇಲೆ ಬೀಳುವುದು 4 ಲಕ್ಷ ಲೀಟರಿಗೂ ಹೆಚ್ಚು. ಸಿಮೆಂಟಿನ ಬಿಲ್ಲೆ ಹಾಸಿದ ಅಂಗಳವೂ ಸೇರಿ ಆ 300 ಚದರ ಮೀಟರ್ ತಟ್ಟಿನ ಮೇಲೆ 9 ಲಕ್ಷ ಲೀಟರ್. ಆಗುಂಬೆಯ ಆಸುಪಾಸಿನಲ್ಲಾದರೆ ಅದರ ಎರಡು ಪಟ್ಟಿಗೂ ಹೆಚ್ಚು. ಕಾಡು ಇದ್ದಾಗ ಎಲೆ, ದರಗು, ಬೇರುಗಳ ನಡುವೆ ತಂಗುತ್ತ ಇಂಗುತ್ತಿದ್ದ ನೀರು ಈಗ ಒಂದೇ ಕೊಳವೆಯಿಂದ ತಟ್ಟಿನ ಅಂಚಿಗೆ, ಹೊಸದಾಗಿ ತುಂಬಿಸಿದ ಸಡಿಲ ಮಣ್ಣಿನ ನೆತ್ತಿಗೆ ಬೀಳುತ್ತದೆ. ಬಂದವರಿಗೆಲ್ಲ ಕಣಿವೆಯ ನೋಟ ತೋರಿಸುವುದು ಆ ಅಂಚಿನಲ್ಲಿಯೇ ನಿಂತು.

ಬೇರೆ ರೀತಿಯಲ್ಲಿ ಮನೆ ಕಟ್ಟಿಕೊಂಡ ದಂಪತಿಯೂ ಇದ್ದಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಲಾರಿ ಬೇಕರ್ ಮತ್ತು ಕೇರಳದ ವೈದ್ಯೆ ಎಲಿಜಬೆತ್ 1948ರಲ್ಲಿ ಮದುವೆಯಾಗಿ ಹಿಮಾಲಯದ ಪಿಥೋರಗಢದ ಕಡೆ ಹೋದರು. ಬೆಟ್ಟದ ಜನ ಅಲ್ಲಿಯ ಕಲ್ಲು, ಮಣ್ಣು, ಮರಗಳಿಂದಲೇ ಇಳಿಜಾರಿಗೆ ಹೊಂದಿಸಿ ಮನೆ ಕಟ್ಟುವುದನ್ನು ಬೇಕರ್ ನೋಡಿದ್ದು ಅಲ್ಲಿ. ಮನೆಯ ಸಾಮಗ್ರಿ ಐದು ಮೈಲಿಯ ಒಳಗೆ ಸಿಗುವಂಥದ್ದಾಗಿರಬೇಕು ಎಂದು ಗಾಂಧೀಜಿ ಹೇಳಿದ್ದನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಮುಂದೆ ತಿರುವನಂತಪುರದ ನಾಲಂಚಿರದಲ್ಲಿ ಬಂಡೆಗಳಿಂದ ತುಂಬಿದ, ಸಾಮಾನ್ಯರು ಬೇಡವೆನ್ನುವ ಇಳಿಜಾರೊಂದರಲ್ಲಿ ತಮ್ಮ ಮನೆ ಕಟ್ಟಿಕೊಂಡರು. ಗುಡ್ಡವನ್ನು ತಟ್ಟು ಮಾಡಲಿಲ್ಲ. ಮನೆಯೇ ಬಂಡೆಯನ್ನು ಬಳಸಿ, ಮರವನ್ನು ಸುತ್ತಿ, ಮೆಟ್ಟಿಲು ಮೆಟ್ಟಿಲಾಗಿ ಏರಿತು. ಕೈಗೆ ಸಿಕ್ಕ ಹಳೆಯ ಸಾಮಗ್ರಿಗಳಿಂದ ಕಾಲಕಾಲಕ್ಕೆ ಬೆಳೆಯಿತು. ಬೇಕರ್ 2007ರಲ್ಲಿ ತೀರಿಕೊಳ್ಳುವ ತನಕ ಅದೇ ಮನೆಯಲ್ಲಿದ್ದರು. ಓರೆ ನೆಲದಲ್ಲಿ ಮನೆಯನ್ನು ಇಳಿಜಾರಿಗೆ ಅಡ್ಡಲಾಗಿ, ಸಮೋನ್ನತ ರೇಖೆಯ ಉದ್ದಕ್ಕೂ ಕೂರಿಸಿದರೆ ಅಗೆತವೂ ಖರ್ಚೂ ಎಷ್ಟು ಇಳಿಯುತ್ತವೆಂದು ತಮ್ಮ ಕಿರುಹೊತ್ತಗೆಗಳಲ್ಲಿ ಚಿತ್ರ ಬರೆದು ತೋರಿಸಿದ್ದಾರೆ. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಇಲಿಬೋನಿನ ಕಟ್ಟಣೆಯಿಂದ ಸುಮಾರು ಕಾಲುಪಾಲು ಇಟ್ಟಿಗೆ ಉಳಿಸಿದರು. ಕರ್ನಾಟಕದಲ್ಲಿಯೂ ಈ ದಾರಿ ಅಪರಿಚಿತವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಸುಡಬೇಕಾಗಿಲ್ಲ, ಅಲ್ಪ ಸಿಮೆಂಟು ಸಾಕು, ತೆಗೆದ ಮಣ್ಣಿನಲ್ಲಿಯೇ ಗೋಡೆ ಎಬ್ಬಿಸಬಹುದು. ಹಳ್ಳಕ್ಕೆ ಸುರಿದ ಆ ನೂರೈವತ್ತು ಟಿಪ್ಪರಿನಲ್ಲಿ ಎಷ್ಟು ಗೋಡೆ ಇತ್ತೆಂದು ಯಾರೂ ಪರೀಕ್ಷಿಸಲಿಲ್ಲ.

ಮನೆ ಕಟ್ಟಿಸುವವರೆಲ್ಲ ಬೇಕರ್ ಆಗಬೇಕಾಗಿಲ್ಲ. ದೂರದಲ್ಲಿ ದುಡಿಯುವವರಿಗೆ ವರ್ಷಗಟ್ಟಲೆ ಎದುರು ನಿಂತು ಕಟ್ಟಿಸುವ ಬಿಡುವೂ ಇಲ್ಲ. ಆದರೆ ಜಾಗವನ್ನು ಕೊರೆಯುವ ಮೊದಲು ಒಂದು ಮುಂಗಾರು ಕಾಯುವುದು ಯಾರಿಗೂ ಅಸಾಧ್ಯವಲ್ಲ. ಆರಿದ್ರಾ ಪುನರ್ವಸು ಮಳೆಗಳಲ್ಲಿ ಬಂದು ಎರಡು ದಿನ ಆ ಇಳಿಜಾರಿನಲ್ಲಿ ಕೊಡೆ ಹಿಡಿದು ನಿಂತರೆ ನೀರು ಎಲ್ಲಿ ಹುಟ್ಟುತ್ತದೆ, ಯಾವ ಗೆರೆಯಲ್ಲಿ ಇಳಿಯುತ್ತದೆ, ಎಲ್ಲಿ ನೆಲ ಮೆತ್ತಗಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಮನೆಯ ಕಾಲವನ್ನು ಜ್ಯೋತಿಷಿಗಳಿಂದ ಕೇಳುವ ಶ್ರದ್ಧೆಯ ಅರ್ಧದಷ್ಟನ್ನು ನೆರೆಯ ಹಿರಿಯರಿಂದ ನೆಲದ ಚರಿತ್ರೆ ಕೇಳಲು ಬಳಸಿದರೂ ಸಾಕು. ಈಗಾಗಲೇ ಕೊರೆದಾಗಿದ್ದರೆ, ಒಳಾಂಗಣದ ಅಲಂಕಾರಕ್ಕೆಂದು ತೆಗೆದಿಟ್ಟ ಹಣದಲ್ಲಿ ಧರೆಯನ್ನು ಮೆಟ್ಟಿಲು ಮಾಡಿಸುವುದು, ನೆತ್ತಿಯ ಮೇಲೆ ಅಗಳು ತೋಡಿಸುವುದು, ತಡೆಗೋಡೆ ಕಟ್ಟಿದರೆ ಅದರ ಹಿಂದಿನ ನೀರು ಹೊರಬರಲು ತೂತು ಬಿಡಿಸುವುದು ಮೊದಲಾಗಬೇಕು. ನೀರಿಗೆ ದಾರಿಯಿಲ್ಲದ ಕಾಂಕ್ರೀಟು ಗೋಡೆ ಧರೆಯನ್ನು ತಡೆಯುವುದಿಲ್ಲ, ಬೀಳುವ ದಿನವನ್ನು ಮುಂದೂಡುತ್ತದೆ, ಬಿದ್ದಾಗ ತಾನೂ ಜೊತೆಗೆ ಬೀಳುತ್ತದೆ.

ಬೆಂಗಳೂರಿನ ದಂಪತಿಗೆ ಕಳೆದ ಜುಲೈಯ ಒಂದು ಭಾನುವಾರ ಬಂದ ಚಿತ್ರದಲ್ಲಿ ಬಾಗಿಲವಾಡ ನಿಲ್ಲಿಸಿತ್ತು. ಹಲಸಿನ ಮರದ್ದು, ಕೆತ್ತನೆ ಚೆನ್ನಾಗಿತ್ತು. ಬಾಗಿಲಿನ ಚೌಕಟ್ಟಿನೊಳಗಿಂದ ಹಿತ್ತಿಲು ಕಾಣುತ್ತಿತ್ತು, ಹಿತ್ತಿಲಲ್ಲಿ ನೀಲಿ ಟಾರ್ಪಾಲು. ಧರೆಯ ನೆತ್ತಿಯಲ್ಲಿ ಒಂದು ಬಿರುಕು ಬಿಟ್ಟಿದೆ, ನೀರು ಇಳಿಯದಿರಲೆಂದು ಹೊದಿಸಿದ್ದೇವೆ, ಗಾಬರಿಯಾಗುವಂಥದ್ದೇನೂ ಇಲ್ಲ ಎಂದು ಗುತ್ತಿಗೆದಾರ ತಿಳಿಸಿದ. ಹೆಂಡತಿ ಆ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಗೃಹಪ್ರವೇಶಕ್ಕೆ ಮಾಘದಲ್ಲಿ ದಿನ ಗೊತ್ತಾಗಿತ್ತು.

ಆ ಮನೆಯ ಕೆಳಗೆ ತೋಟದ ಅಂಚಿನಲ್ಲಿ ಇನ್ನೊಂದು ಮನೆಯಿದೆ. ಹೆಂಚಿನದು, ಹಳೆಯದು. ಅಲ್ಲಿಯೂ ಗಂಡ ಹೆಂಡತಿ ಇಬ್ಬರೇ, ವಯಸ್ಸಾದವರು. ಮೇಲಿನ ಗುಡ್ಡದಿಂದ ದಂಬೆಯಲ್ಲಿ ಬರುತ್ತಿದ್ದ ಅವರ ಅಬ್ಬಿನೀರು ಆ ಬೇಸಿಗೆಯಿಂದ ಕೆಂಪಾಗಿ ಬರುತ್ತಿತ್ತು, ಬಟ್ಟೆ ಕಟ್ಟಿ ಸೋಸಿ ಕುಡಿಯುತ್ತಿದ್ದರು. ಮೇಲಿನ ಮನೆ ಏಳುವುದನ್ನು ಅವರೂ ವಾರ ವಾರ ನೋಡಿದ್ದರು, ಕೆಳಗಿನಿಂದ. ಟಾರ್ಪಾಲು ಹೊದಿಸಿದ ಮೇಲೆ ಮಳೆ ಜೋರಾದ ರಾತ್ರಿಗಳಲ್ಲಿ ಅವರು ಹಾಸಿಗೆ ಸುತ್ತಿಕೊಂಡು, ದನಗಳ ಹಗ್ಗ ಬಿಚ್ಚಿಟ್ಟು, ಹಳ್ಳದಾಚೆಯ ಸಂಬಂಧಿಕರ ಮನೆಗೆ ಮಲಗಲು ಹೋಗುತ್ತಿದ್ದರು.